ಘುಣಾಕ್ಷರವೋ, ಹಸ್ತಾಕ್ಷರವೋ? — ಉತ್ತರಪತ್ರಿಕೆಯ ತಿದ್ದುವಿಕೆಯೂ ಸಂಖ್ಯಾಶಾಸ್ತ್ರದ ಸಾಕ್ಷ್ಯವೂ

ಶಾಸ್ತ್ರಗ್ರಂಥಗಳಲ್ಲಿ ಘುಣಾಕ್ಷರ ನ್ಯಾಯವೆಂಬ ಒಂದು ದೃಷ್ಟಾಂತವುಂಟು. ಘುಣವೆಂದರೆ ಮರವನ್ನು ಕೊರೆಯುವ ಹುಳು. ಅದು ತನ್ನ ಆಹಾರಕ್ಕಾಗಿ ಮರವನ್ನು ಕೊರೆಯುತ್ತ ಹೋದಂತೆ ಎಲ್ಲಿಯೋ ಒಂದೆಡೆ ಆ ಕೊರೆತವು ಅಕ್ಷರವೊಂದರ ಆಕಾರವನ್ನು ತಾಳಬಹುದು. ಹುಳುವಿಗೆ ಅಕ್ಷರಜ್ಞಾನವಿಲ್ಲ, ಅದು ಬರೆಯಬೇಕೆಂದು ಬರೆದುದೂ ಅಲ್ಲ. ಹೀಗೆ ಬುದ್ಧಿಪೂರ್ವಕವಲ್ಲದೆ ಅಕಸ್ಮಾತ್ತಾಗಿ ಒದಗಿಬಂದ ಫಲವನ್ನು ಘುಣಾಕ್ಷರವೆಂದು ಕರೆಯುವುದು ವಾಡಿಕೆ. ಒಂದು ತೊಲೆಯ ಮೇಲೆ ಒಂದು ಅಕ್ಷರ ಮೂಡಿದ್ದರೆ ಅದನ್ನು ಹುಳುವಿನ ಲೀಲೆಯೆಂದು ನಕ್ಕು ಬಿಡಬಹುದು. ಆದರೆ ಅದೇ ತೊಲೆಯ ಮೇಲೆ ಕಾಗುಣಿತ ತಪ್ಪದೆ ನಾಲ್ಕು ಸಾಲುಗಳ ಶಾಸನವೇ ಮೂಡಿದ್ದರೆ? ಆಗ ಅದನ್ನು ಹುಳು ಕೊರೆಯಿತೆಂದು ಹೇಳಿದರೆ ನಂಬುವವರಾರು? ಬರೆದವನನ್ನು ಯಾರೂ ಕಾಣದಿದ್ದರೂ ಬರೆದ ಕೈಯೊಂದು ಇದ್ದೇ ಇತ್ತೆಂದು ಎಲ್ಲರೂ ಒಪ್ಪುತ್ತಾರೆ.

ಅಕಸ್ಮಾತ್ತು ಎಲ್ಲಿ ಮುಗಿಯುತ್ತದೆ, ಉದ್ದೇಶ ಎಲ್ಲಿ ಮೊದಲಾಗುತ್ತದೆ ಎಂಬ ಈ ಪ್ರಶ್ನೆ ಹಳೆಯದು. ಅದಕ್ಕೆ ಲೆಕ್ಕದ ಮೂಲಕ ಉತ್ತರ ಹೇಳುವ ವಿದ್ಯೆ ಹೊಸದು, ಅದೇ ಸಂಖ್ಯಾಶಾಸ್ತ್ರ. ವಿದ್ಯಾಲಯಗಳ ಬಾಳಿಗೆ ತೀರ ಹತ್ತಿರವಾದ ಒಂದು ವಿಷಯದಲ್ಲಿ, ಎಂದರೆ ಪರೀಕ್ಷೆ ಮುಗಿದ ಮೇಲೆ ಮಕ್ಕಳ ಉತ್ತರಪತ್ರಿಕೆಗಳನ್ನು ಹಿರಿಯರೇ ತಿದ್ದಿದ ಪ್ರಸಂಗಗಳಲ್ಲಿ, ಈ ಶಾಸ್ತ್ರವು ಹೇಗೆ ಸಾಕ್ಷಿಯಾಗಿ ನಿಂತಿತು, ಆ ಸಾಕ್ಷ್ಯದ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇದರ ಪ್ರಸಿದ್ಧ ನಿದರ್ಶನಗಳು ಅಮೆರಿಕ ದೇಶದವು. ಆದರೂ ಮಗು, ಗುರು, ಅಂಕಪಟ್ಟಿ ಎಂಬ ಮೂರು ಇರುವೆಡೆಯಲ್ಲೆಲ್ಲ ಅವು ಚಿಂತನೆಗೆ ಅರ್ಹವಾದವು.

ಸೀಸದಕಡ್ಡಿಯ ಗುರುತು

ಅಮೆರಿಕದ ಶಾಲೆಗಳಲ್ಲಿ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಬೇರೂರಿತು. ಒಂದು ಪ್ರಶ್ನೆ, ನಾಲ್ಕೈದು ಉತ್ತರಗಳು, ಸರಿಯೆಂದು ತೋರಿದ ಉತ್ತರದ ಎದುರಿನ ಪುಟ್ಟ ವೃತ್ತವನ್ನು ಸೀಸದಕಡ್ಡಿಯಿಂದ ತುಂಬುವುದು — ಇಷ್ಟೇ ಅದರ ಕ್ರಮ. ಇಂತಹ ಲಕ್ಷಗಟ್ಟಲೆ ಹಾಳೆಗಳನ್ನು ಮನುಷ್ಯರು ಕುಳಿತು ತಿದ್ದುವುದು ಅಸಾಧ್ಯವಾದಾಗ ಯಂತ್ರದ ಶೋಧನೆಯಾಯಿತು. ರೆನಾಲ್ಡ್ ಜಾನ್ಸನ್ ಎಂಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕನ ಕಲ್ಪನೆಯಿಂದ ಹುಟ್ಟಿದ ಅಂತಹ ಯಂತ್ರವನ್ನು ಐಬಿಎಂ ಸಂಸ್ಥೆ 1938ರಲ್ಲಿ ಬಳಕೆಗೆ ತಂದಿತು. ಸೀಸದಕಡ್ಡಿಯ ಗ್ರಾಫೈಟಿನ ಮೂಲಕ ವಿದ್ಯುತ್ತು ಹರಿಯುತ್ತದೆ. ಗುರುತು ಇದ್ದಲ್ಲಿ ವಿದ್ಯುತ್ತು ಹರಿಯುವುದು, ಇಲ್ಲದಲ್ಲಿ ಹರಿಯದು. ಇದೇ ಆ ಯಂತ್ರದ ತತ್ತ್ವ. ಮುಂದೆ 1950ರ ದಶಕದಲ್ಲಿ ಅಯೋವ ವಿಶ್ವವಿದ್ಯಾಲಯದ ಎವರೆಟ್ ಲಿಂಡ್‌ಕ್ವಿಸ್ಟ್ ಅವರು ಬೆಳಕಿನ ಸಹಾಯದಿಂದ ಗುರುತನ್ನು ಓದುವ ಯಂತ್ರವನ್ನು ಸಿದ್ಧಪಡಿಸಿದರು. ಇಂದು ಓಎಂಆರ್ ಎಂದು ಎಲ್ಲರೂ ಬಲ್ಲ ಹಾಳೆಗಳು ಈ ಬೆಳಕಿನ ಪರಂಪರೆಗೆ ಸೇರಿದವು.

ಬೆಳಕಿನಿಂದ ಓದುವ ಯಂತ್ರಕ್ಕೆ ಒಂದು ವಿಶೇಷ ಗುಣವುಂಟು. ಅದು ಗುರುತು ಇದೆಯೇ ಇಲ್ಲವೇ ಎಂಬುದನ್ನು ಮಾತ್ರವಲ್ಲದೆ, ಎಷ್ಟು ಗಾಢವಾಗಿದೆ ಎಂಬುದನ್ನೂ ಅಳೆಯಬಲ್ಲದು. ಸೀಸದಕಡ್ಡಿಯ ಗುರುತನ್ನು ರಬ್ಬರಿನಿಂದ ಎಷ್ಟೇ ಉಜ್ಜಿದರೂ ಕಾಗದದ ಮೇಲೆ ಮಸುಕಾದ ಬೂದುಬಣ್ಣದ ಕಲೆ ಉಳಿಯುತ್ತದೆ. ಒಂದೇ ಪ್ರಶ್ನೆಯ ಎದುರು ಒಂದು ವೃತ್ತ ಕಪ್ಪಾಗಿಯೂ ಇನ್ನೊಂದು ಮಸುಕಾಗಿಯೂ ಕಂಡರೆ, ಮೊದಲು ಮಸುಕಾದುದನ್ನು ತುಂಬಿ, ಬಳಿಕ ಅದನ್ನು ಅಳಿಸಿ, ಕಪ್ಪಾದುದನ್ನು ತುಂಬಲಾಗಿದೆ ಎಂದು ಯಂತ್ರ ಎಣಿಸುತ್ತದೆ. ಹೀಗೆ ಕೊನೆಯ ಉತ್ತರದ ಜೊತೆಗೆ ಅದರ ಹಿಂದಣ ಉತ್ತರವೂ ದಾಖಲೆಗೆ ಬರುತ್ತದೆ. ಅಳಿಸಿದವನು ಅಳಿಯಿತೆಂದು ತಿಳಿದ. ಕಾಗದ ಮಾತ್ರ ಮರೆಯಲಿಲ್ಲ.

ಬದಲಾವಣೆಯ ಮೂರು ಬಗೆ

ಉತ್ತರವನ್ನು ಬದಲಿಸುವುದೇ ದೋಷವೆಂದು ಯಾರೂ ಹೇಳುವಂತಿಲ್ಲ. ಬರೆದುದನ್ನು ಮತ್ತೊಮ್ಮೆ ಓದಿ ತಿದ್ದಿಕೊಳ್ಳಿರೆಂದು ಎಲ್ಲ ಗುರುಗಳೂ ಮಕ್ಕಳಿಗೆ ಬೋಧಿಸುವುದುಂಟು. ಇಂತಹ ಬದಲಾವಣೆಗಳು ಮೂರು ವಿಧ: ತಪ್ಪಿನಿಂದ ಸರಿಗೆ, ಸರಿಯಿಂದ ತಪ್ಪಿಗೆ, ಒಂದು ತಪ್ಪಿನಿಂದ ಇನ್ನೊಂದು ತಪ್ಪಿಗೆ. ಮಗು ತನ್ನ ಬುದ್ಧಿಯಿಂದಲೇ ತಿದ್ದಿದಾಗ ಈ ಮೂರೂ ಬೆರೆತು ಬರುತ್ತವೆ. ಅವುಗಳಲ್ಲಿ ತಪ್ಪಿನಿಂದ ಸರಿಗೆ ಸಾಗುವುದೇ ಹೆಚ್ಚೆಂಬುದನ್ನು 1920ರ ದಶಕದಿಂದಲೂ ನಡೆದ ಅಧ್ಯಯನಗಳು ತೋರಿಸಿವೆ. ಆದರೂ ಒಟ್ಟಿನ ಮೇಲೆ ಒಂದು ಮಗು ಒಂದು ಪತ್ರಿಕೆಯಲ್ಲಿ ಬದಲಿಸುವ ಉತ್ತರಗಳು ಕೆಲವೇ ಕೆಲವು.

ಉತ್ತರಸೂಚಿಯನ್ನು ಎದುರಿಗಿಟ್ಟುಕೊಂಡು ದೊಡ್ಡವರೊಬ್ಬರು ತಿದ್ದಿದಾಗ ಚಿತ್ರವೇ ಬೇರೆ. ಅವರು ಸರಿಯಾದುದನ್ನು ತಪ್ಪಾಗಿಸುವುದಿಲ್ಲ. ಒಂದು ತಪ್ಪನ್ನು ಅಳಿಸಿ ಇನ್ನೊಂದು ತಪ್ಪನ್ನು ಬರೆಯುವುದೂ ಇಲ್ಲ. ಬದಲಾವಣೆಗಳೆಲ್ಲ ಒಂದೇ ದಿಕ್ಕಿಗೆ, ತಪ್ಪಿನಿಂದ ಸರಿಗೇ, ಹರಿಯುತ್ತವೆ; ಅವುಗಳ ಸಂಖ್ಯೆಯೂ ಅತಿಯಾಗಿರುತ್ತದೆ. ಒಂದು ಹಾಳೆಯಲ್ಲಿ ಹೀಗಾದರೆ ಘುಣಾಕ್ಷರವೆನ್ನಬಹುದು. ಇಡೀ ತರಗತಿಯ ಹಾಳೆಗಳಲ್ಲಿ ಹೀಗಾದರೆ?

ಸರಾಸರಿಯೂ ಮಾನಕ ವಿಚಲನೆಯೂ

ಈ ಪ್ರಶ್ನೆಗೆ ಉತ್ತರ ಕಾಣಲು ಎರಡು ಪರಿಭಾಷೆಗಳನ್ನು ತಿಳಿದಿರಬೇಕು. ಮೊದಲನೆಯದು ಸರಾಸರಿ. ಎರಡನೆಯದು ಮಾನಕ ವಿಚಲನೆ. ಎಂದರೆ ಬಿಡಿಬಿಡಿಯಾದ ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಚದುರಿರುತ್ತವೆ ಎಂಬುದರ ಅಳತೆ. ಊರಿನ ಗಂಡಸರ ಸರಾಸರಿ ಎತ್ತರ ಐದೂವರೆ ಅಡಿಯಾದರೆ, ಅದಕ್ಕಿಂತ ಎರಡು ಅಂಗುಲ ಹೆಚ್ಚಿರುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದು ಅಡಿ ಹೆಚ್ಚಿರುವವನನ್ನು ಸಂತೆಯಲ್ಲಿ ಎಲ್ಲರೂ ನೋಡುತ್ತಾರೆ. ಎಷ್ಟು ದೂರ ಹೋದರೆ ಅಸಾಮಾನ್ಯವೆಂಬುದನ್ನು ಕಣ್ಣು ಅಂದಾಜಿನಿಂದ ಹೇಳುತ್ತದೆ; ಮಾನಕ ವಿಚಲನೆ ಅದನ್ನೇ ಲೆಕ್ಕದಿಂದ ಹೇಳುತ್ತದೆ.

ತಿಳಿವಳಿಕೆಗಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ರಾಜ್ಯದ ನಾಲ್ಕನೆಯ ತರಗತಿಯ ಗಣಿತ ಪರೀಕ್ಷೆಯಲ್ಲಿ, ಮಗುವೊಂದಕ್ಕೆ ಸರಾಸರಿ 2 ಉತ್ತರಗಳು ತಪ್ಪಿನಿಂದ ಸರಿಗೆ ಬದಲಾಗಿವೆ. ಮಾನಕ ವಿಚಲನೆಯೂ 2 ಎಂದು ಇಟ್ಟುಕೊಳ್ಳೋಣ. ಆಗ ಯಾವುದಾದರೂ ಒಂದು ಮಗು 6 ಉತ್ತರಗಳನ್ನು ಬದಲಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ 25 ಮಕ್ಕಳ ತರಗತಿಯ ಸರಾಸರಿಯನ್ನು ತೆಗೆದುಕೊಂಡಾಗ ಒಬ್ಬರ ಹೆಚ್ಚಳವನ್ನು ಇನ್ನೊಬ್ಬರ ಕೊರತೆ ಸರಿದೂಗಿಸುತ್ತದೆ. ಆದ್ದರಿಂದ ತರಗತಿಯ ಸರಾಸರಿ ರಾಜ್ಯದ ಸರಾಸರಿಯಿಂದ ಬಹುದೂರ ಸರಿಯುವಂತಿಲ್ಲ. ಲೆಕ್ಕದ ನಿಯಮದಂತೆ, ಮಕ್ಕಳ ಸಂಖ್ಯೆಯ ವರ್ಗಮೂಲದಿಂದ ಮಾನಕ ವಿಚಲನೆಯನ್ನು ಭಾಗಿಸಬೇಕು. 25ರ ವರ್ಗಮೂಲ 5. 2ನ್ನು 5ರಿಂದ ಭಾಗಿಸಿದರೆ 0.4. ಇದು ತರಗತಿಯ ಸರಾಸರಿಗೆ ಅನ್ವಯಿಸುವ ಅಳತೆಗೋಲು. ಇದರ ಮೂರರಷ್ಟು, ಎಂದರೆ 1.2ನ್ನು, ರಾಜ್ಯದ ಸರಾಸರಿಗೆ ಕೂಡಿದರೆ 3.2. ತರಗತಿಯ ಸರಾಸರಿ ಈ ಗೆರೆಯನ್ನು ದಾಟಿದರೆ ಅದರ ಹೆಸರಿನ ಎದುರು ಒಂದು ಚಿಹ್ನೆ ಬೀಳುತ್ತದೆ.

ಮೂರು ಮಾನಕ ವಿಚಲನೆಗಳಷ್ಟು ಮೇಲೇರುವುದು ಅಕಸ್ಮಾತ್ತಾಗಿ ನಡೆಯುವ ಸಂಭವ ಸುಮಾರು 740ಕ್ಕೆ ಒಂದು. ಐದರಷ್ಟು ಏರುವ ಸಂಭವ ಸುಮಾರು 35 ಲಕ್ಷಕ್ಕೆ ಒಂದು. ಮೇಲಿನ ಉದಾಹರಣೆಯಲ್ಲಿ ಒಂದು ತರಗತಿಯ ಸರಾಸರಿ 8 ಆಗಿದ್ದರೆ ಅದು ಹದಿನೈದು ಮಾನಕ ವಿಚಲನೆಗಳಷ್ಟು ದೂರ ಹೋಗಿದೆ. ಅಂತಹುದನ್ನು ಅಕಸ್ಮಾತ್ತೆನ್ನುವುದು, ತೊಲೆಯ ಮೇಲಿನ ಶಾಸನವನ್ನು ಹುಳು ಕೊರೆಯಿತೆಂದು ವಾದಿಸಿದಂತೆಯೇ ಸರಿ.

ಷಿಕಾಗೋ ನಗರದ ಅಧ್ಯಯನ

ಅಳಿಸಿದ ಗುರುತಿನ ದಾಖಲೆಯೇ ಇಲ್ಲದಿದ್ದಾಗ ಏನು ಮಾಡುವುದು? ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಪರಿಶೋಧಿಸಿದ ಸಂಪಾದಕರಿಗೆ ಪರಿಚಿತವಾದ ಮಾರ್ಗವೊಂದು ಇಲ್ಲಿ ನೆರವಾಗುತ್ತದೆ. ಎರಡು ಪ್ರತಿಗಳಲ್ಲಿ ಶುದ್ಧಪಾಠ ಒಂದೇ ಆಗಿದ್ದರೆ ಅದರಿಂದ ಏನೂ ಸಿದ್ಧವಾಗದು. ಒಂದೇ ಎಡೆಯಲ್ಲಿ ಒಂದೇ ಬಗೆಯ ಸ್ಖಾಲಿತ್ಯ ಮತ್ತೆ ಮತ್ತೆ ಕಾಣಿಸಿದರೆ, ಅವೆರಡರ ಮೂಲ ಒಂದೇ ಎಂದು ಸಂಪಾದಕರು ನಿರ್ಣಯಿಸುತ್ತಾರೆ. ಲಿಪಿಕಾರರನ್ನು ಯಾರೂ ಕಂಡಿಲ್ಲ. ಅವರ ಕಂಠದ ನಡೆ ಮಾತ್ರ ಗರಿಯ ಮೇಲೆ ಉಳಿದಿದೆ.

ಬ್ರಯಾನ್ ಜೇಕಬ್ ಮತ್ತು ಸ್ಟೀವನ್ ಲೆವಿಟ್ ಎಂಬ ಅರ್ಥಶಾಸ್ತ್ರಜ್ಞರು ಷಿಕಾಗೋ ನಗರದ ಸಾರ್ವಜನಿಕ ಶಾಲೆಗಳ 1993ರಿಂದ 2000ದವರೆಗಿನ ಉತ್ತರಗಳನ್ನು ಇಂತಹುದೇ ದೃಷ್ಟಿಯಿಂದ ಪರಿಶೀಲಿಸಿ, 2003ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಆ ನಗರದಲ್ಲಿ 1996ರಿಂದ ಪರೀಕ್ಷೆಯ ಫಲಿತಾಂಶಕ್ಕೆ ಭಾರಿ ಪರಿಣಾಮಗಳನ್ನು ಜೋಡಿಸಲಾಗಿತ್ತು: ಅಂಕ ಕಡಿಮೆಯಾದ ಶಾಲೆಯ ಮೇಲೆ ಕ್ರಮ, ಅಂಕ ಸಾಲದ ಮಗುವಿಗೆ ಮುಂದಿನ ತರಗತಿಗೆ ಬಡ್ತಿಯಿಲ್ಲ. ಇಬ್ಬರೂ ವಿದ್ವಾಂಸರು ಎರಡು ಕುರುಹುಗಳನ್ನು ಹುಡುಕಿದರು. ಮೊದಲನೆಯದು, ತರಗತಿಯ ಅಂಕ ಒಂದು ವರ್ಷ ಹಠಾತ್ತನೆ ಮೇಲೇರಿ, ಮಕ್ಕಳು ಬೇರೆ ಶಿಕ್ಷಕರ ಬಳಿಗೆ ಹೋದ ಮರುವರ್ಷ ಕುಸಿದು ಬೀಳುವುದು. ನಿಜವಾಗಿ ಕಲಿತ ವಿದ್ಯೆ ಹಾಗೆ ಒಂದೇ ವರ್ಷದಲ್ಲಿ ಆವಿಯಾಗುವುದಿಲ್ಲ. ಎರಡನೆಯದು, ಹಲವು ಮಕ್ಕಳ ಹಾಳೆಗಳಲ್ಲಿ ಒಂದರ ಹಿಂದೆ ಒಂದಾಗಿ ಬರುವ ಅನೇಕ ಪ್ರಶ್ನೆಗಳಿಗೆ ಏಕರೂಪದ ಉತ್ತರಮಾಲೆ. ಸುಲಭ ಪ್ರಶ್ನೆಗಳಲ್ಲಿ ಎಡವಿದ ಮಗು ಕಠಿಣ ಪ್ರಶ್ನೆಗಳನ್ನೆಲ್ಲ ಸಾಲಾಗಿ ಸರಿಮಾಡಿದ್ದರೆ ಅನುಮಾನ ಇನ್ನೂ ಬಲವಾಗುವುದು. ಈ ಎರಡೂ ಕುರುಹುಗಳು ಕೂಡಿದ ತರಗತಿಗಳು ಪ್ರತಿವರ್ಷ ಕನಿಷ್ಠಪಕ್ಷ ನೂರಕ್ಕೆ ನಾಲ್ಕೈದರಷ್ಟು ಇದ್ದುವೆಂಬುದು ಅವರ ಅಂದಾಜು.

ಇಷ್ಟಕ್ಕೇ ನಿಂತಿದ್ದರೆ ಅದು ಬರಿಯ ಆರೋಪವಾಗಿ ಉಳಿಯುತ್ತಿತ್ತು. 2002ರಲ್ಲಿ ನಗರದ ಶಾಲಾಡಳಿತದ ಸಹಕಾರದಿಂದ ಸುಮಾರು 120 ತರಗತಿಗಳಿಗೆ ಕಟ್ಟುನಿಟ್ಟಾದ ಮೇಲ್ವಿಚಾರಣೆಯಲ್ಲಿ ಮರುಪರೀಕ್ಷೆ ನಡೆಯಿತು. ಅನುಮಾನಕ್ಕೆ ಒಳಗಾದ ತರಗತಿಗಳನ್ನು ಮಾತ್ರವಲ್ಲದೆ, ಅಂಕ ಬಹಳವಾಗಿ ಏರಿದ್ದರೂ ಉತ್ತರಮಾಲೆಯಲ್ಲಿ ಅನುಮಾನದ ಕುರುಹಿಲ್ಲದ ತರಗತಿಗಳನ್ನೂ ಅದರಲ್ಲಿ ಸೇರಿಸಿದ್ದರು. ಅನುಮಾನದ ತರಗತಿಗಳ ಅಂಕ ಸರಿಸುಮಾರು ಒಂದು ವರ್ಷದ ಕಲಿಕೆಯಷ್ಟು ಕೆಳಗಿಳಿಯಿತು. ಎರಡನೆಯ ಬಗೆಯ ತರಗತಿಗಳ ಅಂಕ ಬಹುಮಟ್ಟಿಗೆ ಇದ್ದಲ್ಲಿಯೇ ನಿಂತಿತು. ಅವರ ಏರಿಕೆ ನಿಜವಾದ ಬೋಧನೆಯ ಫಲವಾಗಿತ್ತು.

ಈ ಎರಡನೆಯ ಫಲಿತಾಂಶವನ್ನು ಓದುಗರು ಮರೆಯಬಾರದು. ಅಂಕ ದಿಢೀರನೆ ಏರಿದೊಡನೆ ಶಿಕ್ಷಕನನ್ನು ಶಂಕಿಸುವುದು ಲೋಕದ ಸ್ವಭಾವ. ಯಾವುದು ಕೃತ್ರಿಮ, ಯಾವುದು ಶ್ರಮದ ಫಲ ಎಂಬುದನ್ನು ಬೇರ್ಪಡಿಸಿ, ಪ್ರಾಮಾಣಿಕನಾದ ಶಿಕ್ಷಕನ ಗೌರವವನ್ನು ಕಾಯ್ದುದೂ ಅದೇ ಲೆಕ್ಕಾಚಾರ. ಹಾಲು ನೀರುಗಳನ್ನು ಬೇರ್ಪಡಿಸುವ ಹಂಸಕ್ಕೆ ನೀರಿನ ಮೇಲೆ ದ್ವೇಷವಿಲ್ಲ. ಹಾಲಿನ ಮೇಲೆ ಗೌರವವಿದೆ.

ಅಟ್ಲಾಂಟಾ ನಗರದ ಪ್ರಕರಣ

ಈ ಶಾಸ್ತ್ರದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವೂ ಅತ್ಯಂತ ದುಃಖಕರವೂ ಆದ ಅಧ್ಯಾಯ ಜಾರ್ಜಿಯಾ ರಾಜ್ಯದ ರಾಜಧಾನಿಯಾದ ಅಟ್ಲಾಂಟಾದ್ದು. 2002ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ ಶಿಕ್ಷಣ ಕಾನೂನೊಂದು ಜಾರಿಗೆ ಬಂದಿತು. ಯಾವ ಮಗುವೂ ಹಿಂದುಳಿಯಬಾರದೆಂಬುದೇ ಅದರ ಹೆಸರೂ ಘೋಷಣೆಯೂ ಆಗಿತ್ತು. ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತಗಳಲ್ಲಿ ಪರೀಕ್ಷೆ, ವರ್ಷವರ್ಷಕ್ಕೂ ಏರುತ್ತ ಹೋಗುವ ಗುರಿ, ಗುರಿ ತಪ್ಪಿದ ಶಾಲೆಗಳ ಮೇಲೆ ಹಂತಹಂತವಾಗಿ ಕ್ರಮ — ಇವು ಅದರ ವಿಧಿಗಳು. (2015ರ ಡಿಸೆಂಬರಿನಲ್ಲಿ ಆ ಕಾನೂನಿನ ಸ್ಥಾನಕ್ಕೆ ಬೇರೊಂದು ಕಾನೂನು ಬಂದಿತು.) ಅಟ್ಲಾಂಟಾದ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಬಹುಪಾಲು ಕಪ್ಪು ಜನಾಂಗದ ಬಡಕುಟುಂಬಗಳವರು. ಅಲ್ಲಿ 1999ರಿಂದ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದ ಬೆವರ್ಲಿ ಹಾಲ್ ಅವರು ಪ್ರತಿ ಶಾಲೆಗೂ ಅಂಕದ ಗುರಿಗಳನ್ನು ನಿಗದಿಮಾಡಿದರು. ಗುರಿ ಮುಟ್ಟಿದವರಿಗೆ ಬಹುಮಾನದ ಹಣ, ಮುಟ್ಟದವರಿಗೆ ಪದವಿ ಕಳೆದುಕೊಳ್ಳುವ ಭಯ. ಅಂಕಗಳು ಏರಿದುವು, ದೇಶವೇ ಕೊಂಡಾಡಿತು, 2009ರಲ್ಲಿ ಅವರಿಗೆ ರಾಷ್ಟ್ರಮಟ್ಟದ ಶ್ರೇಷ್ಠ ಶಾಲಾಧಿಕಾರಿ ಪ್ರಶಸ್ತಿಯೂ ಬಂದಿತು.

ಮೊದಲ ಪ್ರಶ್ನೆಯನ್ನು ಎತ್ತಿದ್ದು ಒಂದು ವೃತ್ತಪತ್ರಿಕೆ. ಅಟ್ಲಾಂಟಾ ಜರ್ನಲ್–ಕಾನ್‌ಸ್ಟಿಟ್ಯೂಷನ್ ಪತ್ರಿಕೆಯವರು 2008ರ ಡಿಸೆಂಬರಿನಲ್ಲಿ ಕೆಲವು ಶಾಲೆಗಳ ಅಂಕದ ಏರಿಕೆ ಸಂಭಾವ್ಯತೆಯ ಎಲ್ಲೆಯನ್ನು ಮೀರಿದೆಯೆಂದು ಬರೆದರು. ಬಳಿಕ ರಾಜ್ಯಸರ್ಕಾರ 2009ರ ಪರೀಕ್ಷೆಯ ಹಾಳೆಗಳನ್ನು, ಮೇಲೆ ವಿವರಿಸಿದ ಮೂರು ಮಾನಕ ವಿಚಲನೆಗಳ ಗೆರೆಯನ್ನಿಟ್ಟುಕೊಂಡು, ರಾಜ್ಯದಾದ್ಯಂತ ಶೋಧಿಸಿತು. 2010ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಶೇಕಡ 25 ಅಥವಾ ಅದಕ್ಕಿಂತ ಹೆಚ್ಚು ತರಗತಿಗಳಿಗೆ ಚಿಹ್ನೆ ಬಿದ್ದ ಶಾಲೆಗಳನ್ನು ತೀವ್ರ ಆತಂಕದ ವರ್ಗಕ್ಕೆ ಸೇರಿಸಿದರು. ಇಡೀ ರಾಜ್ಯದಲ್ಲಿ ಅಂತಹವು 74. ಅವುಗಳಲ್ಲಿ 43 ಅಟ್ಲಾಂಟಾ ನಗರವೊಂದರವು. ಅದೇ ವರ್ಷದ ಪರೀಕ್ಷೆಗೆ ಹೊರಗಿನ ಮೇಲ್ವಿಚಾರಕರನ್ನು ನೇಮಿಸಿದಾಗ, ಅಳಿಸಿದ ಗುರುತುಗಳು ಒಮ್ಮೆಗೇ ಇಳಿದುವು. ಹಲವು ಶಾಲೆಗಳ ಅಂಕಗಳೂ ಅವುಗಳ ಜೊತೆಯಲ್ಲಿಯೇ ಇಳಿದುವು.

ರಾಜ್ಯಪಾಲರು ನೇಮಿಸಿದ ವಿಶೇಷ ತನಿಖಾಧಿಕಾರಿಗಳು 2,100ಕ್ಕೂ ಹೆಚ್ಚು ವಿಚಾರಣೆಗಳನ್ನು ನಡೆಸಿ, 2011ರ ಜುಲೈನಲ್ಲಿ ವರದಿ ಸಲ್ಲಿಸಿದರು. ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಅಕ್ರಮ ನಡೆದಿತ್ತು. 38 ಮುಖ್ಯೋಪಾಧ್ಯಾಯರೂ ಸೇರಿದಂತೆ 178 ಮಂದಿಯ ಹೆಸರುಗಳು ಬಂದುವು; 82 ಮಂದಿ ತಪ್ಪನ್ನು ಒಪ್ಪಿಕೊಂಡರು. ಮುಚ್ಚಿದ ಕೋಣೆಗಳಲ್ಲಿ ಕುಳಿತು ಹಾಳೆಗಳನ್ನು ಅಳಿಸಿ ಬರೆದುದು, ಒಂದು ಶಾಲೆಯ ಶಿಕ್ಷಕರು ವಾರದ ಕೊನೆಯಲ್ಲಿ ಒಬ್ಬರ ಮನೆಯಲ್ಲಿ ಸೇರಿ ಕೂಟವಾಗಿ ತಿದ್ದಿದುದು, ಇವೆಲ್ಲ ಬೆಳಕಿಗೆ ಬಂದುವು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೆ ತನಿಖಾಧಿಕಾರಿಗಳು ಇನ್ನೊಂದನ್ನೂ ದಾಖಲಿಸಿದರು: ಭಯ, ಬೆದರಿಕೆ, ಸೇಡುಗಳ ವಾತಾವರಣವೊಂದು ಅಲ್ಲಿ ವರ್ಷಗಳಿಂದ ನೆಲೆಸಿತ್ತು, ಅಕ್ರಮವನ್ನು ಹೇಳಹೊರಟವರಿಗೇ ದಂಡನೆ ಒದಗುತ್ತಿತ್ತು.

2013ರ ಮಾರ್ಚಿಯಲ್ಲಿ 35 ಮಂದಿಯ ಮೇಲೆ ದೋಷಾರೋಪಣೆಯಾಯಿತು. ಅನೇಕರು ತಪ್ಪೊಪ್ಪಿಕೊಂಡು ವಿಚಾರಣೆಯಿಂದ ಹೊರಬಂದರು. ವಿಚಾರಣೆಗೆ ನಿಂತ 12 ಮಂದಿಯಲ್ಲಿ 11 ಮಂದಿ ಅಪರಾಧಿಗಳೆಂದು 2015ರ ಏಪ್ರಿಲ್ 1ರಂದು ತೀರ್ಪು ಬಂದಿತು; ಒಬ್ಬರು ಬಿಡುಗಡೆಯಾದರು. ಬೆವರ್ಲಿ ಹಾಲ್ ಅವರು ತಮಗೆ ಏನೂ ತಿಳಿಯದೆಂದೇ ಕೊನೆಯವರೆಗೂ ಹೇಳುತ್ತಿದ್ದು, ತಮ್ಮ ವಿಚಾರಣೆ ನಡೆಯುವ ಮೊದಲೇ ಅದೇ ವರ್ಷದ ಮಾರ್ಚಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಲೆಕ್ಕದ ಮಿತಿ

ಇಷ್ಟನ್ನು ಓದಿದವರಿಗೆ ಸಂಖ್ಯಾಶಾಸ್ತ್ರವೇ ನ್ಯಾಯಾಧೀಶನೆಂದು ತೋರಬಹುದು. ಹಾಗೆ ಭಾವಿಸುವುದು ಅಪಾಯಕರ. ಮೊದಲನೆಯದಾಗಿ, 740ಕ್ಕೆ ಒಂದೆಂಬ ಸಂಭವವನ್ನು ಹತ್ತು ಸಾವಿರ ತರಗತಿಗಳಿಗೆ ಅನ್ವಯಿಸಿದರೆ, ಯಾವ ದೋಷವೂ ಇಲ್ಲದ ಹದಿಮೂರು ತರಗತಿಗಳು ಬರಿಯ ಅಕಸ್ಮಾತ್ತಿನಿಂದಲೇ ಗೆರೆಯನ್ನು ದಾಟುತ್ತವೆ. ಸಾವಿರ ತೊಲೆಗಳಲ್ಲಿ ಹುಡುಕಿದರೆ ನಿಜವಾದ ಘುಣಾಕ್ಷರವೂ ಸಿಗದಿರದು. ಆದ್ದರಿಂದಲೇ ಜಾರ್ಜಿಯಾದಲ್ಲಿ ಒಂದು ತರಗತಿಯನ್ನಲ್ಲದೆ, ಶಾಲೆಯೊಂದರಲ್ಲಿ ಅಂತಹ ತರಗತಿಗಳ ಪ್ರಮಾಣವನ್ನು ನೋಡಿದರು.

ಎರಡನೆಯದಾಗಿ, ನಿರ್ದೋಷಿಯಾದ ಕಾರಣಗಳೂ ಉಂಟು. ಮಗುವೊಂದು ಒಂದು ಸಾಲು ತಪ್ಪಿ, ಐದನೆಯ ಪ್ರಶ್ನೆಯ ಉತ್ತರವನ್ನು ಆರನೆಯದರ ಎದುರಿಗೆ ತುಂಬುತ್ತ ಹೋಗಿ, ಕೊನೆಯಲ್ಲಿ ಎಚ್ಚೆತ್ತು ಎಲ್ಲವನ್ನೂ ಅಳಿಸಿ ಸರಿಪಡಿಸಬಹುದು. ಆಗ ಆ ಒಂದೇ ಹಾಳೆಯಲ್ಲಿ ಹತ್ತಾರು ಉತ್ತರಗಳು ತಪ್ಪಿನಿಂದ ಸರಿಗೆ ಬಂದಿರುತ್ತವೆ. ಸಣ್ಣ ತರಗತಿಯಲ್ಲಿ ಅಂತಹ ಒಂದು ಮಗುವೇ ಸರಾಸರಿಯನ್ನು ಎತ್ತಿಬಿಡಬಲ್ಲದು. ಮೂರನೆಯದಾಗಿ, ತಿದ್ದುವಿಕೆ ನಡೆದಿದೆಯೆಂದು ಲೆಕ್ಕ ಹೇಳಬಹುದು; ತಿದ್ದಿದವರು ಯಾರೆಂದು ಹೇಳಲಾರದು. ತರಗತಿಯ ಶಿಕ್ಷಕಿಯೋ, ಮುಖ್ಯೋಪಾಧ್ಯಾಯರೋ, ಬೀಗದ ಕೈ ಇದ್ದ ಇನ್ನಾರೋ? ಅಟ್ಲಾಂಟಾದ 56 ಶಾಲೆಗಳಲ್ಲಿ ಉಳಿದ 12ರ ವಿಷಯದಲ್ಲಿ ಅಕ್ರಮ ನಡೆಯಿತೆಂಬ ನಿರ್ಣಯಕ್ಕೆ ತನಿಖೆ ಬರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ತರ್ಕಶಾಸ್ತ್ರದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುತ್ತಾರೆ. ಆದರೆ ದೂರದಿಂದ ಹೊಗೆಯೆಂದು ತೋರಿದ್ದು ಮಂಜೂ ಆಗಿರಬಹುದೆಂದು ಎಚ್ಚರಿಸಿದವರೂ ತಾರ್ಕಿಕರೇ. ಎಲ್ಲಿ ಹೋಗಿ ನೋಡಬೇಕೆಂಬುದನ್ನು ಲೆಕ್ಕ ತೋರಿಸುತ್ತದೆ. ಹೋಗಿ ನೋಡುವುದು, ಕೇಳುವುದು, ಕೇಳಿದುದನ್ನು ತೂಗುವುದು ಮನುಷ್ಯರ ಕೆಲಸ.

ಕನ್ನಡ ನಾಡಿನ ಒಂದು ನಿದರ್ಶನ

ಕರ್ನಾಟಕದ ಸ್ಪರ್ಧಾಪರೀಕ್ಷೆಗಳಲ್ಲಿ ಓಎಂಆರ್ ಹಾಳೆಯನ್ನು ಬಾಲ್‌ಪೆನ್ನಿನಿಂದ ತುಂಬುವುದು ಪದ್ಧತಿ, ಶಾಯಿಯನ್ನು ಅಳಿಸಲಾಗದು. ಆದುದರಿಂದ ಇಲ್ಲಿ ಮಸುಕಾದ ಗುರುತಿನ ಶೋಧನೆಗೆ ಅವಕಾಶವಿಲ್ಲ. ಆದರೆ ಬಿಟ್ಟ ಸ್ಥಳವನ್ನು ತುಂಬುವ ದಾರಿ ತೆರೆದೇ ಇರುತ್ತದೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗಾಗಿ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯಲ್ಲಿ, ಅಭ್ಯರ್ಥಿಗಳು ಖಾಲಿ ಬಿಟ್ಟಿದ್ದ ವೃತ್ತಗಳನ್ನು ಬಳಿಕ ತುಂಬಲಾಯಿತೆಂಬ ಆರೋಪ ಕೇಳಿಬಂದಿತು. ಅಭ್ಯರ್ಥಿಯ ಬಳಿ ಉಳಿಯುವ ಕಾರ್ಬನ್ ಪ್ರತಿಯನ್ನು ಮೂಲದ ಹಾಳೆಯೊಡನೆ ಹೋಲಿಸಿ ನೋಡುವುದು ಅಲ್ಲಿ ತನಿಖೆಯ ಮುಖ್ಯ ಸಾಧನವಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನು ರದ್ದುಮಾಡಿತು; 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಪ್ರಾಮಾಣಿಕವಾಗಿ ಬರೆದು ಉತ್ತೀರ್ಣರಾದವರೂ ಎರಡು ವರ್ಷಕ್ಕೂ ಮಿಗಿಲಾಗಿ ಕಾದು, ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕಾಯಿತು. ಕೆಲವರ ಕೃತ್ರಿಮದ ಬಡ್ಡಿಯನ್ನು ತೆತ್ತವರು ಅವರು.

ಕಂಪ್ಯೂಟರಿನಲ್ಲಿ ನಡೆಯುವ ಇಂದಿನ ಪರೀಕ್ಷೆಗಳಲ್ಲಿ ಕಾಗದದ ಕಲೆಯ ಬದಲಿಗೆ ಕಾಲದ ಲೆಕ್ಕ ಉಳಿಯುತ್ತದೆ. ಯಾವ ಪ್ರಶ್ನೆಗೆ ಎಷ್ಟು ಸೆಕೆಂಡುಗಳಲ್ಲಿ ಉತ್ತರ ಬಂದಿತು, ಎಷ್ಟು ಸಲ ಬದಲಾಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಸಾಧನ ಬದಲಾಯಿತು, ತತ್ತ್ವ ಅದೇ.

ಮಗುವಿನ ತಪ್ಪು ಯಾರದು?

ಇಷ್ಟೆಲ್ಲದರಲ್ಲಿ ನಿಜವಾಗಿ ನಷ್ಟವಾದುದು ಯಾರಿಗೆ? ಕೆಲಸ ಕಳೆದುಕೊಂಡವರ, ಸೆರೆಗೆ ಹೋದವರ ಹೆಸರುಗಳು ಪತ್ರಿಕೆಗಳಲ್ಲಿ ಬಂದುವು. ಮಕ್ಕಳ ಹೆಸರುಗಳು ಬರಲಿಲ್ಲ. ಓದಲು ಬಾರದ ಮಗುವೊಂದು ಪರೀಕ್ಷೆಯಲ್ಲಿ ಉತ್ತರಗಳನ್ನು ತಪ್ಪಾಗಿ ತುಂಬಿದಾಗ, ತನಗೆ ತಿಳಿಯದೆಯೇ ಒಂದು ಮನವಿಯನ್ನು ಸಲ್ಲಿಸುತ್ತದೆ: ಇದು ನನಗೆ ಬರುವುದಿಲ್ಲ, ಕಲಿಸಿಕೊಡಿ ಎಂಬುದೇ ಆ ಮನವಿ. ಆ ತಪ್ಪನ್ನು ಅಳಿಸಿದವರು ಮನವಿಯನ್ನೇ ಅಳಿಸಿದರು. ಮಗು ಉತ್ತೀರ್ಣವೆಂದು ಕಾಗದ ಹೇಳಿದ ಮೇಲೆ ಅದಕ್ಕೆ ಸಲ್ಲಬೇಕಾದ ಹೆಚ್ಚಿನ ಪಾಠ ಸಲ್ಲಲಿಲ್ಲ. ಅಂಕಗಳು ಸುಳ್ಳಾಗಿ ಏರಿದುದರಿಂದ, ಹಿಂದುಳಿದ ಶಾಲೆಗಳಿಗೆಂದೇ ಮೀಸಲಾದ ಧನಸಹಾಯವೂ ಕೈತಪ್ಪಿದುದುಂಟು. ಉತ್ತರಗಳು ತಿದ್ದಲ್ಪಟ್ಟ ಮಕ್ಕಳನ್ನು ಕುರಿತು ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಮುಂದಿನ ವರ್ಷಗಳಲ್ಲಿ ಓದು ಮತ್ತು ಭಾಷೆಯಲ್ಲಿ ಅವರು ಹಿಂದೆ ಬಿದ್ದುದನ್ನು ಕಂಡಿತು. ಅಂತಹ ಮಕ್ಕಳಿಗಾಗಿ ಶಾಲಾಡಳಿತ ವಿಶೇಷ ಬೋಧನೆಯ ಏರ್ಪಾಡು ಮಾಡಿತಾದರೂ, ಕಳೆದ ವರ್ಷಗಳನ್ನು ಹಿಂದಕ್ಕೆ ತರುವ ಶಕ್ತಿ ಯಾವ ಏರ್ಪಾಡಿಗೂ ಇಲ್ಲ.

ಡೊನಾಲ್ಡ್ ಕ್ಯಾಂಬೆಲ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿದ್ದರು. ಒಂದು ಅಂಕಿಯ ಮೇಲೆ ಬಹುಮಾನ ದಂಡನೆಗಳ ಭಾರವನ್ನು ಹೇರಿದಷ್ಟೂ ಆ ಅಂಕಿ ಕೆಡುತ್ತದೆ, ಅದು ಅಳೆಯಬೇಕಾದ ವಸ್ತುವನ್ನೂ ಕೆಡಿಸುತ್ತದೆ ಎಂಬುದು ಅದರ ತಾತ್ಪರ್ಯ. ಶಾಖಮಾಪಕವನ್ನು ಜ್ವರಪೀಡಿತನ ಬಾಯಿಂದ ತೆಗೆದು ಕೊಡವಿದರೆ ಪಾದರಸ ಇಳಿದೀತು, ಜ್ವರ ಇಳಿಯದು. ಆದರೆ ವೈದ್ಯನ ಕೈಯಲ್ಲಿ ಅದನ್ನು ಕೊಡವಿಸುವಷ್ಟು ಭಯವನ್ನು ಹುಟ್ಟಿಸಿದವರ ಹೊಣೆಯೂ ಸಣ್ಣದಲ್ಲ. ಶೇಕಡಾವಾರು ಫಲಿತಾಂಶವನ್ನೊಂದನ್ನೇ ಕೇಳುವ ಆಡಳಿತವರ್ಗ, ದಾನಿಗಳು, ತಂದೆತಾಯಿಗಳು ತಮ್ಮನ್ನು ತಾವೂ ಈ ಪ್ರಶ್ನೆಗೆ ಒಡ್ಡಿಕೊಳ್ಳಬೇಕಾಗುತ್ತದೆ.

ಶರಣರ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ಮಾತು ಹೊಸದಲ್ಲ. ಕಾಯಕ ಶುದ್ಧವಾಗಿರಬೇಕು, ಅದರ ಫಲ ದಾಸೋಹಕ್ಕೆ ಸಲ್ಲಬೇಕು ಎಂಬುದು ಆ ಪರಂಪರೆಯ ತಿರುಳು. ಅಶುದ್ಧವಾದ ಕಾಯಕದಿಂದ ಬಂದ ಪದಾರ್ಥ ಎಷ್ಟೇ ರಾಶಿಯಾಗಿದ್ದರೂ ಅದು ದಾಸೋಹಕ್ಕೆ ಸಲ್ಲದು. ಅಂತೆಯೇ ಮಗುವಿನ ಬುದ್ಧಿಯಿಂದ ಬಾರದ ಅಂಕ ಎಷ್ಟೇ ಎತ್ತರವಾಗಿದ್ದರೂ ಅದು ವಿದ್ಯೆಯ ಲೆಕ್ಕಕ್ಕೆ ಸಲ್ಲದು. ಗುರುವಾದವನು ಮಗುವಿನ ತಪ್ಪನ್ನು ಹಾಳೆಯ ಮೇಲೆ ತಿದ್ದುವವನಲ್ಲ, ಮಗುವಿನಲ್ಲಿ ತಿದ್ದುವವನು. ಮೊದಲನೆಯ ತಿದ್ದುವಿಕೆಗೆ ಒಂದು ರಬ್ಬರಿನ ತುಂಡೂ ಅರ್ಧ ಗಂಟೆಯೂ ಸಾಕು. ಅದರ ಕಲೆ ಮಾತ್ರ ಉಳಿಯುತ್ತದೆ. ಎರಡನೆಯದಕ್ಕೆ ವರ್ಷಗಳೇ ಬೇಕು. ಅದನ್ನು ಯಾವ ಯಂತ್ರವೂ ಅಳೆಯಲಾರದು. ಆದರೆ ವಿದ್ಯಾಲಯವೆಂಬುದು ನಿಂತಿರುವುದು ಅದರ ಮೇಲೆಯೇ.